ಹನ್ನೆರಡನೆಯ ಸಾಲು

ಮೂರನೆಯ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ:
ಈ ಅನುದಾನ ಒಬ್ಬರ ಲಾಭಕ್ಕಲ್ಲ.
ಕನಿಷ್ಠ ಇಬ್ಬರು ಬೆಳೆಗಾರರ ಸಹಿ ಬೇಕು.
ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ.
ಅಕ್ಷರ ಬದಲಾಗಲಿಲ್ಲ.

ನನ್ನ ಬೇಲಿಗೆ ತಾಗಿದ ಬೆಳೆಗಾರ ಒಬ್ಬನೇ,
ಸವೇಲಿ ರೆಯುತೊವ್.
ಹನ್ನೊಂದು ವರ್ಷದಿಂದ ಅವನ ಬೆನ್ನಷ್ಟೇ ನನಗೆ ಗೊತ್ತು:
ಕಸೂತಿಯ ಅಂಗಿ, ನೇಯ್ದ ನಡುಪಟ್ಟಿ,
ಟ್ರ್ಯಾಕ್ಟರಿನ ಮೇಲೆ ಅಲುಗದ ಹೆಗಲು.

ಜಗಳ ಹನ್ನೆರಡನೆಯ ಸಾಲಿನದು.
ಮರ ನನ್ನವು, ಕೊಂಬೆ ಬಾಗಿದ್ದು ಅವನ ಕಡೆಗೆ.
ಹೇಝಲ್‌ನಟ್ ಕೊಯ್ಯುವ ಕಾಯಲ್ಲ,
ಸೆಪ್ಟೆಂಬರಿನಲ್ಲಿ ತಾನೇ ಉದುರುತ್ತದೆ,
ನೆಲ ಗುಡಿಸಿ ಒಟ್ಟುಮಾಡಬೇಕು.
ಉದುರುವ ಕಾಯಿಗೆ ಸರ್ವೆ ನಕ್ಷೆ ಓದಲು ಬರುತ್ತದೆಯೇ?
ಅವನು ಗುಡಿಸಿಕೊಂಡ. ನಾನು ಲಾಯರಿಗೆ ಬರೆದೆ.
ಲಾಯರು ಆ ವರ್ಷ ಹೊಸ ಕಾರು ಕೊಂಡ.

ಆಮೇಲೆ ರೋಗ ಬಂತು.
ಅದು ಯಾರ ನಕ್ಷೆಯನ್ನೂ ಕೇಳಲಿಲ್ಲ.
ಕೊಂಬೆಯುದ್ದಕ್ಕೂ ಕರಿಯ ಗುಂಡಿಗಳು,
ಯಾರೋ ಮರಕ್ಕೆ ಕೋಟು ತೊಡಿಸಿ ಗುಂಡಿ ಹಾಕಿದ ಹಾಗೆ.
ಮಾವ ನೆಟ್ಟ ಬಾರ್ಸಿಲೋನಾ ತಳಿ
ತುದಿಯಿಂದ ಒಣಗುತ್ತ ಕೆಳಗಿಳಿಯಿತು.
ಸವೇಲಿಯ ಕಡೆ ಗರಗಸದ ಸದ್ದು ಕೇಳಿದಾಗ
(ಹೇಳಿಬಿಡುತ್ತೇನೆ) ಮೊದಲು ಖುಷಿಯಾಯಿತು.
ಮರುವಾರ ನನ್ನ ಗರಗಸವೂ ಹೊರಬಂತು.

ಆರೆಗನ್ ರಾಜ್ಯದ ಕೃಷಿ ಕಚೇರಿಯಲ್ಲಿ ಹಣವಿದೆಯಂತೆ,
ರೋಗ ತಾಳುವ ಸಸಿಗೆ, ಕಾಯಿ ಒಣಗಿಸುವ ಯಂತ್ರಕ್ಕೆ,
ಸರ್ಕಾರದ್ದು ಮುಕ್ಕಾಲು, ನಮ್ಮದು ಕಾಲು.
ಹಣ್ಣು, ತರಕಾರಿ, ಒಣಬೀಜ ಬೆಳೆಯುವವರಿಗೆ ಮಾತ್ರ;
ಗೋಧಿಯವರಿಗೆ ಬೇರೆ ಬಾಗಿಲು.
ನಮ್ಮದು ವಿಶೇಷ ಬೆಳೆ ಎನ್ನುತ್ತದೆ ಫಾರಂ.
ಅರವತ್ತೆಂಟು ತುಂಬಿದ ಮೇಲೆ ಅಂತೂ
ನನ್ನನ್ನು ಯಾರೋ ವಿಶೇಷ ಅಂದರು.

ಜನವರಿಯ ಒಂದು ಮಧ್ಯಾಹ್ನ ಫಾರಂ ಹಿಡಿದು
ಹನ್ನೆರಡನೆಯ ಸಾಲು ದಾಟಿದೆ.
ಉಳಿದ ಮರಗಳಲ್ಲಿ ಹಳದಿ ಕುಚ್ಚು ಜೋತಾಡುತ್ತಿದ್ದವು,
ಪಕ್ಕದಲ್ಲೇ ಸೂಜಿಮೊನೆಯಷ್ಟು ಕೆಂಪು, ಹೆಣ್ಣುಹೂ.
ಒಂದು ಮರದ ಪರಾಗ ಅದೇ ಮರಕ್ಕೆ ಆಗಿಬರುವುದಿಲ್ಲ;
ಬೇರೆ ತಳಿಯದು ಗಾಳಿಯಲ್ಲಿ ಬರಬೇಕು.
ಅಂಥ ಮರ ಕಾಯಿ ಕಡಿಮೆ ಬಿಡುತ್ತದೆಂದು
ಮಾವ ಒಂದನ್ನೂ ನೆಡಲಿಲ್ಲ, ಜಿಪುಣ.
ಹಾಗಾದರೆ ಇಷ್ಟು ವರ್ಷ ನನ್ನ ತೋಟ ಫಲ ಕೊಟ್ಟದ್ದು
ಯಾರ ಕಡೆಯ ಗಾಳಿಯಿಂದ?
ಅಲ್ಲೇ ನಿಂತು ಲೆಕ್ಕ ಹಾಕಿದೆ.
ಲೆಕ್ಕ ಬೇಗ ಮುಗಿಯಿತು.

ಬಾಗಿಲು ತೆರೆದವಳು ಉಲಿತಾ, ಅವನ ಹೆಂಡತಿ,
ಮೊಣಕೈವರೆಗೆ ಹಿಟ್ಟು.
ಚಹಾ ಕೊಟ್ಟದ್ದು ಬೇರೆ ಲೋಟದಲ್ಲಿ,
ಅವರ ಮತದ ಹೊರಗಿನವರಿಗೆಂದು ತೆಗೆದಿಟ್ಟದ್ದು;
ಅದನ್ನು ಹುಡುಕಿ ತೊಳೆಯಲು
ಅವಳಿಗೆ ಸಾಕಷ್ಟು ಹೊತ್ತು ಹಿಡಿಯಿತು.
ಸವೇಲಿ ಗಡ್ಡ ಹಿಡಿದು ಪುಟ ಪುಟ ಓದಿದ.
"ವರ್ನಾ, ಇಲ್ಲಿ ಕೇಳಿದ್ದಾರೆ,
ಮೂರು ವರ್ಷದೊಳಗೆ ಫಲಿತಾಂಶ ಏನು ಅಂತ.
ಸಸಿ ಕಾಯಿ ಬಿಡಲು ಐದು ವರ್ಷ."
"ಎಲೆ ಅಂತ ಬರೆಯೋಣ," ಅಂದೆ.
ಅವನು ನಗಲಿಲ್ಲ. ಪೆನ್ನು ಕೇಳಿದ.

ಸಹಿ ಹಾಕಿ, ಹಿಂದಿನ ಖಾಲಿ ಪುಟದಲ್ಲಿ
ಹೊಸ ತೋಟದ ನಕ್ಷೆ ಗೀಚಿದ:
ಪರಾಗದ ಮರಗಳೆಲ್ಲ ಹನ್ನೆರಡನೆಯ ಸಾಲಿನಲ್ಲೇ,
ಬೇಲಿಯ ಗೆರೆ ಎಳೆಯುವುದನ್ನು ಮರೆತಿದ್ದ,
ಅಥವಾ ಮರೆತಿರಲಿಲ್ಲ.
ಗುಡಿಸುವ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅರ್ಜಿ ಹೋದದ್ದು ಮಾರ್ಚಿನಲ್ಲಿ. ಈಗ ಮೇ.
ಜನವರಿಯಲ್ಲಿ ಬಂದು ಕೂತ ಪರಾಗ ಕೂಡ
ಇನ್ನೂ ಹೂವಿನೊಳಗೆ ಸುಮ್ಮನೆ ಕಾಯುತ್ತಿದೆ,
ಕಾಯಿ ಕಟ್ಟುವುದೋ ಬೇಡವೋ ಎಂಬಂತೆ.
ಬೆಳಿಗ್ಗೆ ಸವೇಲಿ ಬೇಲಿಯ ಬಳಿ ಟ್ರ್ಯಾಕ್ಟರ್ ನಿಲ್ಲಿಸಿದ.
"ಟಪಾಲು ಬಂತಾ?"
"ಇಲ್ಲ. ನಿನಗೆ?"
"ನನಗೂ ಇಲ್ಲ," ಅಂದು ಹೋದ.
ನಾಳೆಯೂ ನಿಲ್ಲಿಸುತ್ತಾನೆ.
ಅರ್ಜಿಯಲ್ಲಿ ಕೊಟ್ಟದ್ದು ನನ್ನ ವಿಳಾಸ ಮಾತ್ರ.
ಅದು ಅವನಿಗೂ ಗೊತ್ತು.