ಖೋಡದ್, ರಾತ್ರಿ ಪಾಳಿ

ಪರದೆಯ ಮೇಲೆ ಮತ್ತೆ ಅದೇ ಮುಳ್ಳು.
ಆಕಾಶದ್ದಲ್ಲ, ದ್ರಾಕ್ಷಿತೋಟದ್ದು:
ಗೇನಭಾವು ಪಂಪು ಕಿಡಿ ಕಾರುತ್ತಿದೆ.

ಟಾರ್ಚ್ ಹಿಡಿದು ಹೋದೆ.
ಎಂಟುನೂರು ಕೋಟಿ ವರ್ಷ ನಡೆದು ಬಂದ
ಜಲಜನಕದ ಪಿಸುಮಾತು, ಕಾಕಾ,
ನಿಮ್ಮ ಮೋಟಾರಿನ ಸದ್ದಲ್ಲಿ ಮುಳುಗಿದೆ.

ಆತ ತಲೆ ಎತ್ತಲಿಲ್ಲ.
ಕನ್ನಡಕ ಒಡೆದು ವಾರವಾಗಿತ್ತು;
ಚಹಾ ಗ್ಲಾಸಿನ ತಳವನ್ನು ಪೇಪರಿನ ಮೇಲೆ ಸರಿಸುತ್ತ
ನಾರಾಯಣಗಾಂವದ ಟೊಮೆಟೊ ದರ ಓದುತ್ತಿದ್ದ.
ಅಂಕಿ ಉಬ್ಬಿ, ಬಾಗಿ,
ಅಂಚಿಗೆ ಬಂದಾಗ ಬಳೆ.

ನಾವೂ ಇದನ್ನೇ ಮಾಡೋದು, ಅಂದೆ.
ನಡುವೆ ಒಂದು ಭಾರದ ಗ್ಯಾಲಕ್ಸಿ;
ತನ್ನ ಪಕ್ಕದಲ್ಲಿ ಯಾರು ಹಾದರೋ
ಅದಕ್ಕೆ ಗೊತ್ತೇ ಇಲ್ಲ.

‘ದರ ಮಾತ್ರ ದೊಡ್ಡದಾಗೋದಿಲ್ಲ.’
ಎದ್ದು ಸ್ವಿಚ್ ಆರಿಸಿದ.
‘ಹತ್ತು ನಿಮಿಷ. ಕರೆಂಟು ಬರೋದೇ ರಾತ್ರಿ.’

ಕಾಲುವೆಯಲ್ಲಿ ನೀರು ನಿಂತಿತು.
ಬೇಲಿಯಾಚೆ ಬೋಗುಣಿಗಳು
ಕತ್ತು ಹೊರಳಿಸುತ್ತಿದ್ದವು, ಮೆಲ್ಲಗೆ.
ನಾನು ಓಡಿದೆ.