ಸೌತೆಕಾಯಿ ಕಾಲ

ರಾಟರ್‌ಡ್ಯಾಮಿನ ಡಚ್ ಕಾಗದದಲ್ಲಿ ಈ ಸಲ
‘ಮೀನಿನ ಜೊತೆಗೇ ಬೆಣ್ಣೆ’ ಎಂದಿತ್ತು.
ನಮ್ಮಲ್ಲಾದರೆ ಕೈಯಲ್ಲಿ ಕಾಸು, ಬಾಯಲ್ಲಿ ದೋಸೆ.
ಇಂಗ್ಲಿಷಿಗೆ ಇಳಿಸಿದೆ: ಮಾಲು ಮುಟ್ಟಿದೊಡನೆ ಹಣ.
ಸಾಹುಕಾರರಿಗೆ ಅಷ್ಟು ಸಾಕು.

ಕೆಳಗಿನ ಸಾಲೇ ತೊಡಕು:
‘ನಮಗೀಗ ಸೌತೆಕಾಯಿ ಕಾಲ.’
ಅಂದರೆ ವ್ಯಾಪಾರವಿಲ್ಲ, ನೊಣ ಹೊಡೆಯುವ ದಿನಗಳು,
ಆರ್ಡರು ಮುಂದಕ್ಕೆ.
ಹಾಗೆಯೇ ಟೈಪು ಮಾಡಿದೆ.

ಕಿಟಕಿಯಾಚೆ, ಹಾಸನದ ಬಿಸಿಲಲ್ಲಿ,
ಅರಸೀಕೆರೆಯ ಟೆಂಪೋ ಬಂದು ನಿಂತಿದೆ.
ಕಿರುಬೆರಳಿನಷ್ಟು ಮಿಡಿಸೌತೆಗಳ ಮುಳ್ಳುಜ್ಜಿ
ವಿನೆಗರ್ ಡ್ರಮ್ಮಿಗೆ ಸುರಿಯುತ್ತ
ಜವರಮ್ಮ ಕೂಗಿದಳು:
‘ಏನಂತೆ ಮೇಡಂ, ಆ ಊರ ಸುದ್ದಿ?’

‘ಸೌತೆಕಾಯಿ ಕಾಲವಂತೆ’ ಎಂದೆ,
ಪದಕ್ಕೆ ಪದ, ಇದ್ದದ್ದು ಇದ್ದ ಹಾಗೆ.

‘ಹಂಗಾರೆ ಈ ತಿಂಗಳೂ ಓಟಿ ಸಿಕ್ತದೆ ಬುಡಿ!’
ಮೊಣಕೈವರೆಗೆ ಹಸಿರು ಮೆತ್ತಿದ ಕೈ
ನಗುತ್ತ ಮತ್ತೆ ಬುಟ್ಟಿಗಿಳಿಯಿತು.

ಟೈಪಾದ ಹಾಳೆಯನ್ನು
ಮೇಜಿನ ಮೇಲೆ ಬೋರಲು ಹಾಕಿದೆ.