ಕಾರ್ಡಿನ ಹಿಂಬದಿ

ಮೂರು ತಿಂಗಳಲ್ಲಿ ಮುಗಿಸಬೇಕಂತೆ.
ಆರುನೂರ ಹನ್ನೆರಡು ಕುಟುಂಬ, ಹದಿನಾಲ್ಕು ಮರದ ಡಬ್ಬಿ,
ಒಂದು ಕಂಪ್ಯೂಟರು, ನಾನು.
ಕಿಟಕಿಯಾಚೆ ಚಿಲೋಯೆಯ ಕಡಲು
ಇಳಿತದಲ್ಲಿ ತನ್ನ ಕೆಸರನ್ನೆಲ್ಲ ಹರವಿ ಕೂತಿದೆ.
ಹೆಂಗಸರು ಬಗ್ಗಿ ಚಿಪ್ಪು ಆಯುತ್ತಿದ್ದಾರೆ,
ಅವರ ಮಂಡಿನೋವೆಲ್ಲ ನನ್ನ ಬೆರಳ ತುದಿಯಲ್ಲಿ.

ಡಾಕ್ಟರ್ ಒತಿಲಿಯಾ ಮಾನ್ಸಿಯಾ
ಕೊನೆಯ ದಿನ ಕೈಗಿತ್ತದ್ದು ಇಷ್ಟೇ:
ಡಬ್ಬಿಗಳ ಬೀಗದ ಕೈ, ಗಾಳದ ದಾರದಲ್ಲಿ ಪೋಣಿಸಿದ್ದು.
ಮೇಯರು ಹಾರ ಹಿಡಿದು ಬಂದಾಗ ಆಕೆ ಇರಲಿಲ್ಲ,
ಶಾಲೆಯ ಬಾವಿಗೆ ಕ್ಲೋರಿನ್ ಹಾಕಿದ್ದಾರೋ ಇಲ್ಲವೋ
ನೋಡಲು ಹೋಗಿದ್ದರು.
ಹಾರವನ್ನು ನನ್ನ ಕುರ್ಚಿಗೇ ಹಾಕಿ ಹೋದರು.

ಕಾರ್ಡಿನ ಮುಂಬದಿ ಸುಲಭ.
ತೂಕ, ರಕ್ತದೊತ್ತಡ, ಹೆರಿಗೆ, ಲಸಿಕೆ,
ನೀಲಿ ಶಾಯಿ, ಸಾಲು ತಪ್ಪದ ಅಂಕಿ.
ಹಿಂಬದಿ ಪೆನ್ಸಿಲ್ಲಿನದು.

‘ಮುಂಬಾಗಿಲು ಹೆಣಕ್ಕೂ ಪಾದ್ರಿಗೂ ಮಾತ್ರ.
ಅಡುಗೆಮನೆಯ ಕಿಟಕಿ ತಟ್ಟು.’

‘ಓದು ಬಾರದು, ಹೇಳಿಕೊಳ್ಳುವುದಿಲ್ಲ.
ಮಾತ್ರೆಯ ಪೊಟ್ಟಣಕ್ಕೆ ಸೂರ್ಯ, ಚಂದ್ರ ಬರೆದುಕೊಡು.’

‘ಹೆಂಡತಿ ಸತ್ತದ್ದು ಆಗಸ್ಟು.
ಆಗಸ್ಟಿನಲ್ಲಿ ಒತ್ತಡ ಅಳೆದು ಫಲವಿಲ್ಲ. ಕೂತು ಬಾ.’

‘ಆಲೂಗಡ್ಡೆ ಕೊಟ್ಟರೆ ಬೇಡವೆನ್ನಬಾರದು.
ಪಕ್ಕದ ಮನೆಯಲ್ಲಿ ಇಳಿಸಿ ಹೋಗು, ಅಲ್ಲಿ ಒಲೆ ಹೊತ್ತಿಲ್ಲ.’

‘ನಾಯಿ ಮೂರು. ಎಂಬತ್ತನಾಲ್ಕರಿಂದ ಕಲೀಜ ಮುಟ್ಟಿಲ್ಲ.’

ಇದನ್ನು ಓದಿ ನಕ್ಕೆ. ಹೊಸ ಡಾಕ್ಟರ್ ಒಯಾರ್ಸೂನ್
ಏನು ನಗು ಅಂದರು. ಹೇಗೆ ಹೇಳಲಿ?
ಕುರಿ ಕೊಯ್ದ ಮನೆಯಲ್ಲಿ ಕಲೀಜ ಯಾವತ್ತೂ ನಾಯಿಯ ಪಾಲು,
ನಾಯಿಯಿಂದ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ,
ಆಮೇಲೆ ಹೊಟ್ಟೆಯೊಳಗೆ ಕಿತ್ತಳೆ ಗಾತ್ರದ ನೀರುಗುಳ್ಳೆ.
ನಾಲ್ಕು ಮಕ್ಕಳನ್ನು ದೋಣಿಯಲ್ಲಿ ಆಪರೇಷನ್ನಿಗೆ ದಾಟಿಸಿದ ಮೇಲೆ
ಐದನೆಯದು ಬರುವ ಮೊದಲೇ
ಆಕೆ ಸನಿಕೆ ಹಿಡಿದರು.
ಎಲ್ಲಿ ಕುರಿ ಬಿತ್ತೋ ಅಲ್ಲಿ ಹಾಜರು,
ಕೋಟು ಬಿಚ್ಚಿ ಬೇಲಿಗೆ ಹಾಕಿ ಗುಂಡಿ ತೋಡುವುದು,
ಕಲೀಜ ಹೂಳುವುದು, ಕಲ್ಲು ಮುಚ್ಚುವುದು.
ಕುರಿಗಳಿಗೆ ಗೋರಿ ಕಟ್ಟುವ ಡಾಕ್ಟರು ಎಂದು ಊರು ಆಡಿಕೊಂಡಿತು.
ನಾಯಿಗಳಂತೂ ಆಕೆಯನ್ನು ಕಂಡರೆ ಬೊಗಳುತ್ತಿದ್ದವು
ಹನ್ನೊಂದು ವರ್ಷ.

ಈಗ ಪರದೆಯ ಮೇಲೆ ‘ಗುಳ್ಳೆ’ ಎಂಬ ಕಾಲಂ
ಖಾಲಿ, ಖಾಲಿ, ಖಾಲಿ, ಬೆರಳು ನೋಯುವಷ್ಟು ಖಾಲಿ.

ಒಂದು ಕಾರ್ಡಿನ ಹಿಂದೆ ಹೀಗಿತ್ತು:
‘ಗಾಳಿ ನಿಲ್ಲಲಿ ಅಂದೆ. ನಿಲ್ಲಲಿಲ್ಲ.
ಹೊರಡಬೇಕಿತ್ತು.’
ಅಳಿಸಿ ಅಳಿಸಿ ಅಲ್ಲಿ ಕಾಗದ ತೆಳುವಾಗಿದೆ,
ಮುಂಬದಿಯ ನೀಲಿ ಆಚೆಯಿಂದ ಕಾಣುತ್ತದೆ.
ಅದನ್ನು ಹಾಗೆಯೇ ಡಬ್ಬಿಗೆ ಹಾಕಿದೆ.

ಒಯಾರ್ಸೂನ್ ಒಳ್ಳೆಯ ಹುಡುಗ.
ಹಿಂಬದಿಯದೂ ಇರಲಿ, ‘ಇತರೆ’ಯಲ್ಲಿ ಹಾಕಿ ಎಂದಿದ್ದಾರೆ.
‘ಇತರೆ’ಗೆ ಹಿಡಿಯುವುದು ಇನ್ನೂರೈವತ್ತು ಅಕ್ಷರ.

ಒಂಬತ್ತನೆಯ ಡಬ್ಬಿ. ಲೆವಿಕೋಯ್. ನಾವು.
ಮುಂಬದಿಯಲ್ಲಿ ಅಮ್ಮನ ತೂಕ, ಅಪ್ಪನ ಕೆಮ್ಮು,
ನನ್ನ ದಡಾರದ ಚುಚ್ಚುಮದ್ದು.
ತಿರುವಿದೆ.
‘ಶನಿವಾರ ಮಾತ್ರ ಹೋಗು, ಅವನು ಕಡಲಲ್ಲಿರುತ್ತಾನೆ.
ಬ್ರೆಡ್ಡು ಬೇಕೆಂದು ಹಟ ಮಾಡು.
ಹಿಟ್ಟು ನಾದಲು ತೋಳು ಮಡಚುತ್ತಾಳೆ.
ಆಗ ನೋಡು. ಹುಡುಗಿಯ ಮುಂದೆ ಏನೂ ಕೇಳಬೇಡ.’

ನಲವತ್ತು ವರ್ಷ ನಾನು ಎಲ್ಲರಿಗೂ ಹೇಳಿಕೊಂಡು ಬಂದದ್ದು:
ಡಾಕ್ಟರಮ್ಮನಿಗೆ ನಮ್ಮಮ್ಮನ ಬ್ರೆಡ್ಡೆಂದರೆ ಪ್ರಾಣ.

ಅಕ್ಷರ ಎಣಿಸಿದೆ. ‘ಇತರೆ’ಯಲ್ಲಿ ಹಿಡಿಯುತ್ತದೆ,
ಜಾಗವೂ ಮಿಗುತ್ತದೆ.
ಬೆರಳು ಮಾತ್ರ ಅಲ್ಲೇ ನಿಂತಿದೆ.

ಶನಿವಾರ ಹಿಟ್ಟು ನಾದಿ, ಒಂದು ಬ್ರೆಡ್ಡು ಕಟ್ಟಿಕೊಂಡು
ಆಕೆಯ ಮನೆಗೆ ಹೋಗಬೇಕು.
ಯಾವ ಬಾಗಿಲು ತಟ್ಟುವುದೋ, ಯಾವ ತಿಂಗಳು ಸುಮ್ಮನೆ ಕೂತು ಬರುವುದೋ,
ನಾಯಿ ಇದೆಯೋ ಇಲ್ಲವೋ,
ಹದಿನಾಲ್ಕು ಡಬ್ಬಿ ಜಾಲಾಡಿದೆ.
ಆಕೆಯ ಕಾರ್ಡು ಎಲ್ಲೂ ಇಲ್ಲ.